ಹೊಲಕ್ಕೆ ಬೇಡವಾದ ಸವಳು ಮಣ್ಣು, ಮಾಳಿಗೆಗೆ ಯಾಕೆ ಬೇಕಿತ್ತು?

ಇವತ್ತಿನ ಎಪಿಸೋಡ್ ಚಾವಣಿ ಬಗ್ಗೆ. ಅದರಲ್ಲೂ ಕೆಳಗೆ ನಿಂತರೂ ಮೇಲೆ ಹತ್ತಿದರೂ ಕಣ್ಣಿಗೆ ಬೀಳದ, ಚಾವಣಿಯ ನಡುವಿನ ಪದರದ ಬಗ್ಗೆ.

2019ರ ಆಗಸ್ಟ್ ನೆನಪಿದೆಯಲ್ಲ? ಹಾವೇರಿ ಜಿಲ್ಲೆಯಲ್ಲಿ ಬಿಟ್ಟೂಬಿಡದ ಮಳೆ. ವರದಾ, ತುಂಗಭದ್ರಾ ತುಂಬಿ ಹರಿದವು. ಊರೂರಲ್ಲಿ ಮಣ್ಣಿನ ಮನೆಗಳು ಬಿದ್ದವು. ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿರೋ ನಮ್ಮ ಅಜ್ಜಿಯ ಮನೆಯಲ್ಲೂ ಒಂದು ಬೆಳಗಿನ ಜಾವ ಅಡುಗೆಮನೆಯ ಮಾಳಿಗೆ ಕುಸಿಯಿತು. ಅಜ್ಜಿ ಮುಂದಿನ ಪಡಸಾಲೆಯಲ್ಲಿ ಮಲಗಿದ್ದಳು, ಉಳಿದಳು. ಇನ್ನೊಂದು ತಾಸು ತಡವಾಗಿದ್ದರೆ ಚಹಾ ಕಾಸೋಕೆ ಅದೇ ಒಲೆ ಮುಂದೆ ಕೂತಿರುತ್ತಿದ್ದಳು.

ನೋಡೋಕೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಮಣ್ಣಿನ ಮನಿ, ಬೀಳದ ಏನ್ ಮಾಡತೈತಿ?" ನಾನೂ ಹೌದು ಅಂದೆ. ಆಮೇಲೆ ಯೋಚನೆ ಬಂತು. ಆ ಮನೆ ಕಟ್ಟಿಸಿದ್ದು ನಮ್ಮ ಮುತ್ತಜ್ಜ. ಅಷ್ಟು ಮಳೆಗಾಲ ತಡೆದ ಮಾಳಿಗೆ ಈ ವರ್ಷ ಯಾಕೆ ಸೋತಿತು?

ಉತ್ತರ ಬೇಕಂದರೆ ಮಾಳಿಗೆಯನ್ನ ಪದರ ಪದರವಾಗಿ ಬಿಚ್ಚಿ ನೋಡಬೇಕು. ಎಲ್ಲಕ್ಕಿಂತ ಕೆಳಗೆ ಕಂಬದ ಮೇಲೆ ತೊಲೆ. ತೊಲೆಯ ಮೇಲೆ ಅಡ್ಡಡ್ಡ ಜಂತಿ. ಜಂತಿಯ ಮೇಲೆ ಒತ್ತೊತ್ತಾಗಿ ಹಲಗೆ, ಬಡವರ ಮನೆಯಾದರೆ ಸೀಳಿದ ಕಟ್ಟಿಗೆ. ನೇರ ಇದರ ಮೇಲೆ ಮಣ್ಣು ಸುರಿದರೆ ಸಂದಿಯಿಂದ ಉದುರುತ್ತೆ, ಮಣ್ಣಿನ ತೇವ ಕಟ್ಟಿಗೆಗೆ ಇಳಿಯುತ್ತೆ. ಅದಕ್ಕೇ ನಡುವೆ ಒಂದು ಹಾಸು: ಲಕ್ಕಿ ಸೊಪ್ಪು, ಬೇವಿನ ಸೊಪ್ಪು, ಒಣಹುಲ್ಲು. ಲಕ್ಕಿ, ಬೇವು ಎರಡೂ ಹುಳ ಓಡಿಸೋ ಗಿಡಗಳು. ಕಾಳಿನ ಡಬ್ಬಿಗೆ ಬೇವಿನೆಲೆ ಹಾಕೋ ಬುದ್ಧಿಯೇ ಇಲ್ಲೂ ಕೆಲಸ ಮಾಡಿದೆ. ಆ ಹಾಸಿನ ಮೇಲೆ ಮಣ್ಣು, ಅದನ್ನ ಬಡಿದು ಗಟ್ಟಿ ಮಾಡೋದು. ಕೊನೆಗೆ ಮೇಲ್ಮುದ್ದಿ.

ಮೇಲ್ಮುದ್ದಿಗೆ ಯಾವ ಮಣ್ಣಾದರೂ ಆಗಲ್ಲ. ರಾಣೆಬೆನ್ನೂರು ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಕೆಂಪು ಮಣ್ಣು ಮಳೆಗೆ ಕೊಚ್ಚಿ ಹೋಗುತ್ತೆ. ಬೇಕಾಗಿದ್ದು ಸವಳು ಮಣ್ಣು. ಹೊಲದಲ್ಲಿ ಸವಳು ಎದ್ದರೆ ರೈತ ತಲೆ ಮೇಲೆ ಕೈ ಹೊತ್ತು ಕೂರ್ತಾನೆ. ಆದರೆ ಅದೇ ಮಣ್ಣನ್ನ ಹಿಂದಿನವರು ಗಾಡಿ ಹೂಡಿಕೊಂಡು ಹೋಗಿ ತರುತ್ತಿದ್ದರು.

ಕಾರಣ ಸೋಡಿಯಂ. ಆ ಮಣ್ಣಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ತಕ್ಷಣ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸಣ್ಣ ಸಣ್ಣ ತೂತುಗಳನ್ನ ಮುಚ್ಚಿಬಿಡುತ್ತವೆ. ಮೇಲಿನ ಪದರ ನೆನೆಯುತ್ತೆ, ಕೆಳಕ್ಕೆ ನೀರು ಬಿಡಲ್ಲ. ಹೊಲದಲ್ಲಿ ಬೇರು ಕೊಳೆಸೋ ಗುಣವೇ ಮಾಳಿಗೆ ಮೇಲೆ ಮನೆ ಕಾಯುತ್ತೆ. ಇವತ್ತು ಕಸದ ಗುಂಡಿಯ ವಿಷ ಭೂಮಿಗೆ ಇಳಿಯಬಾರದು ಅಂತ ಎಂಜಿನಿಯರುಗಳು ತಳಕ್ಕೆ ಹಾಸೋ ಸೋಡಿಯಂ ಬೆಂಟೊನೈಟ್ ಕೂಡ ಒಂದು ಜೇಡಿಯೇ. ಅದು ನೀರು ಕುಡಿದು ಉಬ್ಬಿ ದಾರಿ ಮುಚ್ಚುತ್ತೆ.

ಇದು ನಮ್ಮೂರಿನ ಜಾಣತನ ಮಾತ್ರ ಅಲ್ಲ. ನಾರ್ವೆಯ ಹಳೇ ಮನೆಗಳ ಚಾವಣಿ ಮೇಲೆ ಹುಲ್ಲು ಬೆಳೆದಿರೋ ಫೋಟೋ ನೋಡಿರ್ತೀರಿ. ಅಲ್ಲಿ ನೀರು ತಡೆಯೋದು ಹುಲ್ಲಲ್ಲ, ಅದರ ಕೆಳಗೆ ಪದರ ಪದರವಾಗಿ ಹಾಸಿರೋ ಬರ್ಚ್ ಮರದ ತೊಗಟೆ. ಹುಲ್ಲು-ಮಣ್ಣು ಆ ತೊಗಟೆ ಹಾರಿಹೋಗದ ಹಾಗೆ ಒತ್ತಿ ಹಿಡಿಯೋ ಭಾರ. ಅಮೆರಿಕದ ಶಿಂಗಲ್ಸ್ ಮನೆಗಳಲ್ಲೂ ಶಿಂಗಲ್ಸ್ ಕೆಳಗೆ ಡಾಂಬರು ಕುಡಿಸಿದ ಫೆಲ್ಟ್ ಹಾಸುತ್ತಾರೆ.

ಈಗ ನಮ್ಮ ಜಿಲ್ಲೆಯ ದೊಡ್ಡ ಸಾಕ್ಷಿಯ ಹತ್ತಿರ ಬರೋಣ. ಶಿಶುನಾಳ ಶರೀಫರು, 1819ರಿಂದ 1889. ಊರು ಶಿಗ್ಗಾವಿ ತಾಲೂಕಿನ ಶಿಶುವಿನಹಾಳ. ಮಾಳಿಗೆ ಸೋರುವ ಅವರ ತತ್ವಪದ ಕೇಳದ ಕನ್ನಡಿಗರು ಕಡಿಮೆ. ನಾನು ಚಿಕ್ಕವನಿದ್ದಾಗ ಅದು ಹಂಚಿನ ಮನೆ ಅಂದ್ಕೊಂಡಿದ್ದೆ. ಅಲ್ಲ, ಅದು ಇದೇ ಮಣ್ಣಿನ ಮಾಳಿಗೆ. ಒಳಗಿನ ಅರ್ಥ ದೇಹ, ಅಜ್ಞಾನ ಎಲ್ಲ ಸರಿ. ಆದರೆ ಒಬ್ಬ ಮೇಸ್ತ್ರಿಯ ಕಣ್ಣಿಂದ ಕೇಳಿ ನೋಡಿ. ತೊಲೆ, ಜಂತಿ, ಮೇಲೆ ಬೆಳೆದ ಹುಲ್ಲು, ಮುತ್ತಿದ ಇರುವೆ, ಹೀಗೆ ಮಾಳಿಗೆ ಕೆಡೋ ಒಂದೊಂದು ದಾರಿಯೂ ಅದರಲ್ಲಿದೆ. ಹುಲ್ಲಿನ ಬೇರು ಮಣ್ಣು ಸೀಳುತ್ತೆ, ಇರುವೆ ಗೂಡು ನೀರಿಗೆ ದಾರಿ ಮಾಡಿಕೊಡುತ್ತೆ. ಆ ಪದ ಕಟ್ಟಿದವರಿಗೆ ಮಾಳಿಗೆ ಹತ್ತಿ ಗೊತ್ತಿತ್ತು ಅಂತ ನನ್ನ ನಂಬಿಕೆ.

ಶರೀಫರ ಕೊನೆಯ ವರ್ಷಗಳ ಹೊತ್ತಿಗೆ ಇಲ್ಲಿಗೆ ರೈಲು ಬಂತು. 1880ರ ದಶಕದಲ್ಲಿ ಸದರ್ನ್ ಮರಾಠ ರೈಲ್ವೆ ಹುಬ್ಬಳ್ಳಿ–ಹರಿಹರ ಮಾರ್ಗ ಹಾಕಿತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಅದರ ಮೇಲಿವೆ. ಅತ್ತ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ಒಂದರ ತುಟಿ ಇನ್ನೊಂದಕ್ಕೆ ಕೂರೋ ಹಂಚು ನಿಧಾನವಾಗಿ ಘಟ್ಟ ಹತ್ತಿ ನಮ್ಮ ಕಡೆಗೂ ಬಂತು.

ಲೆಕ್ಕದಲ್ಲಿ ಹಂಚೇ ಗೆಲ್ಲುತ್ತೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ಸುಮಾರು 150 ಹಂಚು ಸಾಕು, ಒಟ್ಟು 400 ಕಿಲೋ ಆಸುಪಾಸು. ಅದೇ ಕೋಣೆ ಮೇಲೆ ಒಂದು ಅಡಿ ದಪ್ಪ ಮಣ್ಣು ಅಂದರೆ ನಾಲ್ಕೂವರೆ ಟನ್! ನೆನೆದರೆ ಇನ್ನೂ ಹೆಚ್ಚು. ಹಂಚಿಗೂ ಒಳಪದರ ಇತ್ತು. ಗಾಳಿ ಮಳೆಗೆ ಎರಚಲು ಒಳಬರಬಾರದು ಅಂತ ಅನುಕೂಲಸ್ಥರು ರೀಪಿನ ಮೇಲೆ ಮೊದಲು ಚಪ್ಪಟೆ ಸೀಲಿಂಗ್ ಹಂಚು ಹಾಸಿ, ಅದರ ಮೇಲೆ ಮಂಗಳೂರು ಹಂಚು ಹೊದಿಸುತ್ತಿದ್ದರು.

ಹಾಗಿದ್ದರೂ ಬ್ಯಾಡಗಿ, ರಾಣೆಬೆನ್ನೂರಿನ ಹಳ್ಳಿಗಳಲ್ಲಿ ಮಾಳಿಗೆ ಹೋಗಲಿಲ್ಲ. ಮಾಳಿಗೆ ಅಂದರೆ ಮೇಲೊಂದು ಅಂಗಳ. ಮೆಣಸಿನಕಾಯಿ ಹರವೋದು, ಹಪ್ಪಳ ಸಂಡಿಗೆ ಒಣಗಿಸೋದು, ಬೇಸಿಗೆ ರಾತ್ರಿ ಮಲಗೋದು ಎಲ್ಲ ಅಲ್ಲೇ. ಇಳಿಜಾರು ಹಂಚಿನ ಮೇಲೆ ಇದ್ಯಾವುದೂ ಆಗಲ್ಲ.

ಆದರೆ ಮಾಳಿಗೆ ಪ್ರತಿ ವರ್ಷ ಕೆಲಸ ಕೇಳುತ್ತೆ. ಮುಂಗಾರಿಗೆ ಮೊದಲು ಮೇಲೆ ಹತ್ತಿ ಹುಲ್ಲು ಕೀಳಬೇಕು, ಸಡಿಲ ಮಣ್ಣು ಕೆರೆದು ತೆಗೆಯಬೇಕು, ಹೊಸ ಸವಳು ಹಾಕಿ ಬಡಿಯಬೇಕು, ನೀರು ಹೋಗೋ ದೋಣಿ ಸ್ವಚ್ಛ ಮಾಡಬೇಕು. ಹಳೇದು ಕೆರೆಯದೆ ಹೊಸದು ಹಾಕುತ್ತಾ ಹೋದರೆ ಭಾರ ಏರಿ ಜಂತಿ ಬಾಗುತ್ತೆ.

ನಮ್ಮ ಮನೆಯಲ್ಲಿ ಆಗಿದ್ದೇನು ಗೊತ್ತಾ? ವರ್ಷ ವರ್ಷ ಈ ಕಿರಿಕಿರಿ ಯಾಕೆ ಅಂತ ನಮ್ಮ ಮಾವ ಒಂದು ಬೇಸಿಗೆ ಮೇಲಿನ ಮಣ್ಣು ಸರಿಸಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ, ಮತ್ತೆ ಮಣ್ಣು ಮುಚ್ಚಿಸಿದರು. ಸೋರೋದು ನಿಂತಿತು. ಎಲ್ಲರಿಗೂ ಖುಷಿ. ಕುಸಿದ ಮೇಲೆ ಮೇಸ್ತ್ರಿ ಜಂತಿಯ ತುಂಡು ಎತ್ತಿ ತೋರಿಸಿದರು. ಬೆರಳಲ್ಲಿ ಒತ್ತಿದರೆ ಪುಡಿ. ಅಡುಗೆಮನೆಯ ಹಬೆ ಮೇಲಕ್ಕೆ ಹೋಗಿ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ, ಹೊರಗೆ ಹೋಗೋಕೆ ದಾರಿ ಇಲ್ಲದೆ ಕಟ್ಟಿಗೆಯಲ್ಲೇ ಉಳಿದಿತ್ತು. ಗೋಡೆ ಕಡೆ ಹಾಳೆ ಹರಿದಲ್ಲಿ ಮಳೆನೀರೂ ಸೇರಿತ್ತು. ಸೊಪ್ಪಿನ ಹಾಸು ಆವಿಯನ್ನ ಹೊರಗೆ ಬಿಡುತ್ತಿತ್ತು, ಪ್ಲಾಸ್ಟಿಕ್ ಬಿಡಲಿಲ್ಲ.

ಅಜ್ಜಿ ಮಾತ್ರ ಪ್ಲಾಸ್ಟಿಕ್ ಬೈಯಲಿಲ್ಲ. "ಅದನ್ನ ಹಾಸಿದ ಮ್ಯಾಲೆ ಒಬ್ಬರೂ ಮಾಳಿಗಿ ಹತ್ತಿ ನೋಡಲೇ ಇಲ್ಲ" ಅಂದಳು. ಅಷ್ಟೇ.

ನಾನು ಓದಿದ್ದು ಬಿ.ಕಾಂ. ಸವಕಳಿ ಅಂತ ಒಂದು ಲೆಕ್ಕ ಇದೆ: ಆಸ್ತಿ ಪ್ರತಿ ವರ್ಷ ಇಷ್ಟಿಷ್ಟು ಸವೆಯುತ್ತೆ, ಅದನ್ನ ಪುಸ್ತಕದಲ್ಲಿ ಬರೀಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮ ಮುತ್ತಜ್ಜ ಅದೇ ಲೆಕ್ಕವನ್ನ ಪ್ರತಿ ಬೇಸಿಗೆ ಬುಟ್ಟಿ ಮಣ್ಣಿನಲ್ಲಿ ಬರೀತಿದ್ದ. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಪರಿಹಾರ ಘೋಷಿಸಿತು. ಬೀಳದ ಹಾಗೆ ನೋಡಿಕೊಳ್ಳೋಕೆ ಎರಡು ಗಾಡಿ ಸವಳು, ನಾಲ್ಕು ಆಳು ಸಾಕಿತ್ತು. ಅಷ್ಟನ್ನೂ ನಾವು ಮಾಡಲಿಲ್ಲ.

ಅಜ್ಜಿಯ ಪಡಸಾಲೆ ಇನ್ನೂ ನಿಂತಿದೆ. ಅದರ ಮೇಲಿನ ಹಾಳೆ ಕಿತ್ತು ಹಾಕಿ, ಮತ್ತೆ ಲಕ್ಕಿ ಸೊಪ್ಪು ಹಾಸಿದ್ದೇವೆ. ಸವಳು ಎಲ್ಲಿ ಸಿಗುತ್ತೆ ಅಂತ ಮನೆಯಲ್ಲಿ ಗೊತ್ತಿದ್ದದ್ದು ಅಜ್ಜಿಗೆ ಒಬ್ಬಳಿಗೇ. ನಿಮ್ಮ ಮನೆಯಲ್ಲೂ ಇಂಥದ್ದು ಗೊತ್ತಿರೋ ಹಿರಿಯರು ಇದ್ದರೆ, ಜಂತಿಗೂ ಮಣ್ಣಿಗೂ ನಡುವೆ ಏನು ಹಾಸುತ್ತಿದ್ದಿರಿ ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಮಳೆಗಾಲ ಬರೋದಕ್ಕೆ ಮುಂಚೆ.