ಆಟದ ಪೀರಿಯಡ್ಡಿಗೆ ಹಿಡಿದ ಗಡಿಯಾರ

ಗಣಿತದ ಪಾಠ ನೋಡಲು ಬಂದ ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತು ಕೊನೆಯವರೆಗೂ ಕೇಳುತ್ತಾರೆ. ಆಟದ ಪೀರಿಯಡ್ಡಿಗೆ ಮೈದಾನದ ಅಂಚಿನಲ್ಲಿ ನಿಂತು ಒಂದು ನೋಟ ಹಾಯಿಸಿದರೆ ಮುಗಿಯಿತು. ಸಾಲು ನೆಟ್ಟಗಿದೆಯೇ, ಸೀಟಿ ಊದಿದ ಕೂಡಲೇ ಮಕ್ಕಳು ನಿಲ್ಲುತ್ತಾರೆಯೇ, ಕವಾಯತಿನಲ್ಲಿ ಕೈಗಳು ಒಟ್ಟಿಗೆ ಏಳುತ್ತವೆಯೇ? ಇಷ್ಟಿದ್ದರೆ ಪಾಠ ತೃಪ್ತಿಕರ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದ ಮೇಲೆ ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ಮೇಷ್ಟ್ರುಗಳು ಬರತೊಡಗಿದರು. ಅವರ ಪಾಠವನ್ನು ತೂಗುವ ಕ್ರಮ ಮಾತ್ರ ಬಹುಕಾಲ ಕಣ್ಣಳತೆಯಾಗಿಯೇ ಉಳಿಯಿತು.

ಅಮೆರಿಕದಲ್ಲೂ ಇದೇ ಕಥೆ. ಕಣ್ಣಳತೆ, ಒಂದೆರಡು ಸಾಲಿನ ಟಿಪ್ಪಣಿ, ಹೆಚ್ಚೆಂದರೆ ಒಂದರಿಂದ ಐದರವರೆಗೆ ಅಂಕ ಹಾಕುವ ಪಟ್ಟಿ. ಇಬ್ಬರು ನೋಡಿದರೆ ಎರಡು ಅಂಕ.

ಈ ಪದ್ಧತಿಯನ್ನು ಮೊದಲು ಅಲುಗಿಸಿದ್ದು ಮೈದಾನವಲ್ಲ, ತರಗತಿಯ ಕೋಣೆ. ನೆಡ್ ಫ್ಲಾಂಡರ್ಸ್ ಎಂಬ ಸಂಶೋಧಕ ತರಗತಿಯ ಮಾತುಕತೆಯನ್ನು ಹತ್ತು ವರ್ಗಗಳಾಗಿ ವಿಂಗಡಿಸಿದರು. ಏಳು ವರ್ಗ ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಯ ಮಾತಿಗೆ, ಕೊನೆಯದು ಮೌನ ಅಥವಾ ಗೊಂದಲಕ್ಕೆ. ವೀಕ್ಷಕರು ಮೂರು ಸೆಕೆಂಡಿಗೊಮ್ಮೆ ಒಂದು ಅಂಕಿ ಬರೆಯುತ್ತಾ ಹೋಗಬೇಕು. ಕರ್ನಾಟಕದಲ್ಲಿ ಬಿ.ಎಡ್. ಓದಿದವರಿಗೆ ಈ ಹೆಸರು ಹೊಸದಲ್ಲ. ಪರೀಕ್ಷೆಗೆಂದು ಆ ಹತ್ತನ್ನೂ ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಪಟ್ಟಿಯನ್ನು ಆಟದ ಬಯಲಿಗೆ ತಂದರೆ ದೊಡ್ಡ ತೊಡಕು. ಹುಡುಗಿಯೊಬ್ಬಳು ಮಾತಿಲ್ಲದೆ ಮತ್ತೆ ಮತ್ತೆ ಲಾಗ ಹಾಕಿ ಕಲಿಯುತ್ತಿದ್ದರೆ ಅವಳ ಅಷ್ಟೂ ಶ್ರಮ ಹತ್ತನೆಯ ವರ್ಗಕ್ಕೆ, ಅಂದರೆ ಮೌನ ಅಥವಾ ಗೊಂದಲದ ಲೆಕ್ಕಕ್ಕೆ ಬೀಳುತ್ತದೆ.

ಆಸ್ಟ್ರೇಲಿಯಾದ ಜಾನ್ ಚೆಫರ್ಸ್ 1970ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾಗ ಇದಕ್ಕೊಂದು ದಾರಿ ಹುಡುಕಿದರು. ಮಾತಿನ ಪ್ರತಿ ವರ್ಗಕ್ಕೂ ಮಾತಿಲ್ಲದ ಜೋಡಿಯೊಂದನ್ನು ಕೊಟ್ಟರು. ಬಾಯಿಮಾತಿನ ಮೆಚ್ಚುಗೆ 2 ಆದರೆ, ಬೆನ್ನು ತಟ್ಟುವುದು 12. ಈ ಸರಳ ತಿದ್ದುಪಡಿಯಿಂದ ದೈಹಿಕ ಶಿಕ್ಷಣದ ಅರ್ಧ ಭಾಷೆ ಕಾಗದಕ್ಕೆ ಬಂತು.

ಇಷ್ಟಾದರೂ ಎಲ್ಲರ ಕಣ್ಣೂ ಶಿಕ್ಷಕರ ಮೇಲೆಯೇ ನೆಟ್ಟಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ವಿಲಿಯಂ ಆಂಡರ್‌ಸನ್, ಹೇಗೆ ಕಲಿಸಬೇಕು ಎಂಬ ಉಪದೇಶಕ್ಕೆ ಮೊದಲು ನಿಜಕ್ಕೂ ಏನು ನಡೆಯುತ್ತಿದೆ ಎಂದು ನೋಡೋಣ ಎಂಬ ಹಟ ಹಿಡಿದರು. ಅವರ ತಂಡ 83 ತರಗತಿಗಳನ್ನು ವಿಡಿಯೋ ಟೇಪಿಗೆ ಇಳಿಸಿತು. 1978ರಲ್ಲಿ ಹೊರಬಂದ ಅದರ ವಿಶ್ಲೇಷಣೆ ಮೇಷ್ಟ್ರುಗಳಿಗೂ ಪ್ರೊಫೆಸರುಗಳಿಗೂ ಹಿತವಾಗಿರಲಿಲ್ಲ. ಮಕ್ಕಳ ಸಮಯದ ದೊಡ್ಡದೊಂದು ಪಾಲು ಬರೀ ಕಾಯುವುದರಲ್ಲೇ ಕಳೆಯುತ್ತಿತ್ತು. ಚೆಂಡಿಗಾಗಿ, ಸರದಿಗಾಗಿ, ಮುಂದಿನ ಸೂಚನೆಗಾಗಿ.

ಇನ್‌ಸ್ಪೆಕ್ಟರು ಮೆಚ್ಚಿದ ಆ ನೆಟ್ಟನೆಯ ಸಾಲು ಹೆಚ್ಚಾಗಿ ಕಾಯುವವರ ಸಾಲು.

ಕಾಯುವಿಕೆಯನ್ನು ಕರಾರುವಾಕ್ಕಾಗಿ ಅಳೆಯುವ ಉಪಾಯ ಬಂದದ್ದು ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ಡ್ಯಾರಿಲ್ ಸೀಡೆನ್‌ಟಾಪ್ ಅವರಿಂದ. ಮಗು ತನಗೆ ಎಟುಕುವ ಕೆಲಸದಲ್ಲಿ, ಬಹುಪಾಲು ಯಶಸ್ಸು ಕಾಣುತ್ತಾ ತೊಡಗಿದ್ದ ಸಮಯವೇ ಕಲಿಕೆಯ ಒಳ್ಳೆಯ ಸೂಚಕ ಎಂಬ ವಿಚಾರವನ್ನು ಕ್ಯಾಲಿಫೋರ್ನಿಯಾದಲ್ಲಿ ಓದು ಮತ್ತು ಗಣಿತದ ಪಾಠಗಳ ಮೇಲೆ ನಡೆದ ಅಧ್ಯಯನವೊಂದು ಮುಂದಿಟ್ಟಿತ್ತು. ಸೀಡೆನ್‌ಟಾಪ್ ಮತ್ತು ಸಂಗಡಿಗರು 1979ರಲ್ಲಿ ಅದನ್ನು ಆಟದ ಪಾಠಕ್ಕೆ ಒಗ್ಗಿಸಿದರು, 1982ರಲ್ಲಿ ಪರಿಷ್ಕರಿಸಿದರು. ಎ.ಎಲ್.ಟಿ.-ಪಿ.ಇ. ಎಂದು ಇದರ ಹೆಸರು.

ಕೆಲಸ ನಡೆಯುವ ಬಗೆ ಹೀಗೆ. ವೀಕ್ಷಕರು ಮೂರು ಮಕ್ಕಳನ್ನು ಆರಿಸಿಕೊಳ್ಳುತ್ತಾರೆ: ಒಬ್ಬ ಚುರುಕು, ಒಬ್ಬ ನಡುವಿನವನು, ಒಬ್ಬ ಹಿಂದುಳಿದವನು. ಕಿವಿಯಲ್ಲಿ ಟೇಪ್ ರೆಕಾರ್ಡರಿನ ದನಿ 'ನೋಡು' ಎನ್ನುತ್ತದೆ. ಆರು ಸೆಕೆಂಡು ಮೊದಲನೆಯವನನ್ನು ಮಾತ್ರ ನೋಡಬೇಕು. 'ಬರೆ' ಎಂದೊಡನೆ ಆರು ಸೆಕೆಂಡಿನೊಳಗೆ ಒಂದು ಸಂಕೇತ ಗುರುತು ಹಾಕಬೇಕು. ಹುಡುಗ ಕಾಯುತ್ತಿದ್ದನೇ, ವಿವರಣೆ ಕೇಳುತ್ತಿದ್ದನೇ, ತುಂಟಾಟದಲ್ಲಿದ್ದನೇ, ಚೆಂಡು ಎಸೆಯುತ್ತಿದ್ದನೇ? ಎಸೆಯುತ್ತಿದ್ದರೆ ಆ ಕೆಲಸ ಅವನ ಶಕ್ತಿಗೆ ತಕ್ಕುದಾಗಿತ್ತೇ? ಮತ್ತೆ 'ನೋಡು', ಈಗ ಎರಡನೆಯವನು. ಜೊತೆಗೆ ಇನ್ನೊಬ್ಬ ವೀಕ್ಷಕ ಬೇರೆ ಹಾಳೆಯಲ್ಲಿ ಇದನ್ನೇ ಮಾಡುತ್ತಾನೆ. ಇಬ್ಬರ ಗುರುತುಗಳು ಶೇ. 80ರಷ್ಟಾದರೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಆ ದತ್ತಾಂಶವನ್ನು ನಂಬುವುದಿಲ್ಲ. ಮೂರನೆಯ ಆ ಹಿಂದುಳಿದ ಮಗುವಿಗೆ ಹಾಳೆಯ ಮೇಲೆ ಸಮಪಾಲು ಕೊಟ್ಟದ್ದು ಈ ಪದ್ಧತಿಯ ದೊಡ್ಡತನ. ಕಣ್ಣಳತೆಯ ಕಾಲದಲ್ಲಿ ಎಲ್ಲರ ನೋಟ ಹೋಗುತ್ತಿದ್ದುದು ಚೆನ್ನಾಗಿ ಆಡುವವನ ಕಡೆಗೇ. ಖರ್ಚೂ ಹೆಚ್ಚಿಲ್ಲ. ಹಾಳೆ, ಪೆನ್ಸಿಲ್ಲು, ಗಡಿಯಾರ ಇದ್ದರೆ ನಮ್ಮ ಯಾವ ಬಿ.ಪಿ.ಎಡ್. ವಿದ್ಯಾರ್ಥಿಯೂ ಸಹಪಾಠಿಯ ಅಭ್ಯಾಸ ಪಾಠವನ್ನು ಹೀಗೆ ನೋಡಬಹುದು.

1983ರಲ್ಲಿ ಸಂಶೋಧಕಿ ಜೂಡಿತ್ ಪ್ಲೇಸೆಕ್ ಇನ್ನೊಂದು ದಿಕ್ಕಿನಿಂದ ವಿಚಾರಿಸಿದರು: ಪಾಠ ಚೆನ್ನಾಗಿ ಆಯಿತೆಂದು ಶಿಕ್ಷಕರಿಗೆ ಅನ್ನಿಸುವುದು ಯಾವಾಗ? ಮಕ್ಕಳು ಏನಾದರೂ ಮಾಡುತ್ತಾ ನಗುನಗುತ್ತಾ ಇದ್ದು, ಗಲಾಟೆ ಮಾಡದಿದ್ದರೆ ಆಯಿತು. ಕಲಿತರೋ ಇಲ್ಲವೋ ಎಂಬುದು ಆ ಲೆಕ್ಕದಲ್ಲಿ ಹಿಂದೆ ಬಿದ್ದಿತ್ತು.

ಮುಂದಿನ ದಶಕದಲ್ಲಿ ಪ್ರಶ್ನೆಯೇ ಬದಲಾಯಿತು. ಮಕ್ಕಳ ಆರೋಗ್ಯದ ಚಿಂತೆ ಮುನ್ನೆಲೆಗೆ ಬಂದಾಗ ಸ್ಯಾನ್ ಡಿಯೇಗೋದ ಥಾಮ್ ಮೆಕೆಂಜಿ ಮತ್ತು ಸಂಗಡಿಗರು 1991ರಲ್ಲಿ 'ಸೋಫಿಟ್' ಪದ್ಧತಿಯನ್ನು ಪ್ರಕಟಿಸಿದರು. ಮಲಗಿದ್ದು, ಕೂತಿದ್ದು, ನಿಂತದ್ದು, ನಡೆದದ್ದು, ಅದಕ್ಕೂ ಹೆಚ್ಚು ದಣಿದದ್ದು ಎಂದು ಐದೇ ಸಂಕೇತ. ಪೀರಿಯಡ್ಡಿನ ಅರ್ಧದಷ್ಟಾದರೂ ಕೊನೆಯ ಎರಡರಲ್ಲಿ ಕಳೆಯಬೇಕು ಎಂಬುದು ಗುರಿ. ಅಮೆರಿಕದ ನಾಲ್ಕು ರಾಜ್ಯಗಳ 96 ಶಾಲೆಗಳಲ್ಲಿ ನಡೆದ 'ಕ್ಯಾಚ್' ಪ್ರಯೋಗದಲ್ಲಿ ಇದೇ ಅಳತೆಗೋಲಾಯಿತು. ಶಿಕ್ಷಕರಿಗೆ ತರಬೇತಿ ಸಿಕ್ಕ ಶಾಲೆಗಳಲ್ಲಿ ಆ ಪಾಲು ಅರ್ಧ ದಾಟಿತು. ಇದರ ಮಿತಿಯೂ ಸ್ಪಷ್ಟ. ತಪ್ಪು ಭಂಗಿಯಲ್ಲಿ ಓಡಿದ ಮಗುವಿಗೂ ಸರಿಯಾಗಿ ಓಡಿದ ಮಗುವಿಗೂ ಇಲ್ಲಿ ಒಂದೇ ಗುರುತು.

ಅಂಕಿಗಳಿಗೆ ಎಟುಕದ್ದು ಇನ್ನೂ ಇದೆ ಎಂಬುದಕ್ಕೆ ಬಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಅವರ ಪ್ರಸಂಗ ಸಾಕ್ಷಿ. 1974-75ರಲ್ಲಿ ಮನೋವಿಜ್ಞಾನಿಗಳಾದ ರೋಲ್ಯಾಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಯು.ಸಿ.ಎಲ್.ಎ.ಯಲ್ಲಿ ಅವರ 15 ಅಭ್ಯಾಸಗಳನ್ನು ನೋಡಿ 2,326 ಕ್ರಿಯೆಗಳನ್ನು ದಾಖಲಿಸಿದರು. ಅರ್ಧದಷ್ಟು ನೇರ ಸೂಚನೆಗಳೇ, ಹೊಗಳಿಕೆ ಶೇ. 7ರಷ್ಟೂ ಇರಲಿಲ್ಲ. ತಪ್ಪಾದಾಗ ಸರಿಯಾದದ್ದನ್ನು ಮಾಡಿ ತೋರಿಸಿ, ತಪ್ಪನ್ನು ಅನುಕರಿಸಿ, ಮತ್ತೆ ಸರಿಯಾದದ್ದನ್ನು ತೋರಿಸುತ್ತಿದ್ದರು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. ಸುಮಾರು 30 ವರ್ಷಗಳ ಬಳಿಕ, 2004ರಲ್ಲಿ, ಅದೇ ಇಬ್ಬರು ಹಳೆಯ ದತ್ತಾಂಶಕ್ಕೆ ಮರಳಿದರು. ವುಡನ್ ಅವರ ಬರಹ, ಮಾತುಗಳನ್ನು ಜೊತೆಗಿಟ್ಟು ಓದಿದರು. ಆ ಚುಟುಕು ಸೂಚನೆಗಳ ಹಿಂದೆ ಪ್ರತಿ ಬೆಳಿಗ್ಗೆ ಸಹಾಯಕರೊಡನೆ ಕೂತು, ಪ್ರತಿ ಆಟಗಾರನನ್ನೂ ಗಮನದಲ್ಲಿಟ್ಟುಕೊಂಡು ಹೂಡಿದ ಯೋಜನೆ ಇತ್ತು. 1975ರ ಪಟ್ಟಿಯಲ್ಲಿ ಅದನ್ನು ಗುರುತು ಹಾಕಲು ಒಂದು ಕಾಲಮ್ಮೂ ಇರಲಿಲ್ಲ.