ರೇಡಿಯೋ ಕೇಳೋರು ರೇಡಿಯೋದಲ್ಲಿ ಮಾತಾಡೋರಾದ ಕತೆ

ಹೋದ ತಿಂಗಳು ಅಟ್ಟ ಕ್ಲೀನ್ ಮಾಡ್ಬೇಕಾದ್ರೆ ಒಂದು ಹಳೇ ಕ್ಯಾಸೆಟ್ ಸಿಕ್ತು. ಮೇಲೆ ನಂದೇ ಅಕ್ಷರದಲ್ಲಿ “ಅಮ್ಮ, ಹಸೆ ಹಾಡು” ಅಂತ ಬರ್ದಿತ್ತು. ಎದುರುಮನೆಯವರ ಹತ್ರ ಇನ್ನೂ ಟೇಪ್ ರೆಕಾರ್ಡರ್ ಇದೆ. ಓಡಿಹೋಗಿ ಹಾಕಿಸಿ ಕೇಳಿದ್ರೆ ಸಿನಿಮಾ ಹಾಡು! ಯಾರೋ ಅಮ್ಮನ ಹಾಡಿನ ಮೇಲೇನೇ ರೆಕಾರ್ಡ್ ಮಾಡ್ಬಿಟ್ಟಿದ್ದಾರೆ. ಯಾರೋ ಅಂತೀನಿ, ನಾನೇ ಇರ್ಬಹುದು. ಅಮ್ಮ ಹೇಗೂ ಇದ್ದಾರಲ್ಲ, ನಾಳೆ ಹಾಡಿಸ್ಕೊಂಡ್ರಾಯ್ತು ಅಂದ್ಕೊಂಡಿದ್ದ ಕಾಲ ಅದು.

ಆವತ್ತಿಂದ ಇದೇ ಯೋಚನೆ. ದೊಡ್ಡೋರ ಭಾಷಣ, ಸಂಗೀತಗಾರರ ಕಛೇರಿ ಎಲ್ಲಾ ಉಳ್ಕೊಂಡಿವೆ. ನಮ್ಮಂಥೋರ ದನಿ ಯಾಕೆ ಉಳೀಲಿಲ್ಲ? ಅಲ್ಲಿಲ್ಲಿ ಓದಿ, ತಿಳಿದೋರನ್ನ ಕೇಳಿ ನಂಗೆ ಗೊತ್ತಾಗಿದ್ದನ್ನ ನಿಮಗೆ ಹೇಳ್ತೀನಿ.

ನಮ್ಮ ಕರ್ನಾಟಕದಲ್ಲಿ ರೇಡಿಯೋ ಶುರುವಾಗಿದ್ದೇ ಒಂದು ಮನೆಯಿಂದ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೇಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಕೊಂಡು ಪ್ರಸಾರ ಶುರುಮಾಡಿದ್ರು. ಅದರ ಶಕ್ತಿ ಬರೀ 30 ವಾಟ್. ನಮ್ಮ ಅಡುಗೆಮನೆ ಬಲ್ಬಿನಷ್ಟೂ ಇಲ್ಲ! ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಆಯ್ತು. 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು.

ಆಕಾಶವಾಣಿಯ ಋಣ ನಮ್ಮೆಲ್ಲರ ಮೇಲೂ ಇದೆ, ಇಲ್ಲ ಅನ್ನಲ್ಲ. ಬೆಳಗ್ಗೆ ವಾರ್ತೆ ಕೇಳ್ಕೊಂಡೇ ಡಬ್ಬಿ ಕಟ್ತಿದ್ವಿ. ಆದ್ರೆ ನಾವು ಕೇಳೋರು, ಅವರು ಹೇಳೋರು. 1885ರ ಟೆಲಿಗ್ರಾಫ್ ಕಾನೂನಿನ ಪ್ರಕಾರ ಸರ್ಕಾರದ ಲೈಸೆನ್ಸ್ ಇಲ್ದೆ ಬೇರೆ ಯಾರೂ ಪ್ರಸಾರ ಮಾಡೋ ಹಾಗಿರಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳ್ತು: ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಅಂತ. ಕೆರೆ ನೀರು ಊರೋರದ್ದು ಅಂತಾರಲ್ಲ, ಹಾಗೆ. ತಮಾಷೆ ಅಂದ್ರೆ ಆ ಕೇಸು ನಡೆದಿದ್ದು ಕ್ರಿಕೆಟ್ ಮ್ಯಾಚಿನ ಪ್ರಸಾರದ ಜಗಳಕ್ಕೆ! ಮಾರನೇ ವರ್ಷ, 1996ರಲ್ಲಿ, ನಮ್ಮ ಬೆಂಗಳೂರಲ್ಲೇ ಕೆಲವರು ಸಭೆ ಸೇರಿ, ಜನರೇ ನಡೆಸೋ ರೇಡಿಯೋಗೆ ಅನುಮತಿ ಕೊಡಿ ಅಂತ ಘೋಷಣೆ ಹೊರಡಿಸಿದ್ರು.

ಅನುಮತಿ ಬೇಗ ಬರ್ಲಿಲ್ಲ. ಆದ್ರೂ ಕೋಲಾರ ಜಿಲ್ಲೆಯ ಬೂದಿಕೋಟೆ ಹೆಂಗಸರು ಕಾಯ್ತಾ ಕೂರಲಿಲ್ಲ. ಹೈದರಾಲಿ ಹುಟ್ಟಿದ ಊರು ಅಂತ ಸ್ಕೂಲಲ್ಲಿ ಓದಿದ್ವಲ್ಲ, ಅದೇ ಬೂದಿಕೋಟೆ. 2000ದ ಆಚೀಚೆ ವಾಯ್ಸಸ್, ಮೈರಾಡ ಸಂಸ್ಥೆಗಳ ಜೊತೆ, ಯುನೆಸ್ಕೋ ನೆರವಲ್ಲಿ ಅಲ್ಲಿ “ನಮ್ಮ ಧ್ವನಿ” ಶುರುವಾಯ್ತು. ಸ್ವಸಹಾಯ ಸಂಘದ ಹೆಂಗಸರು, ಊರಿನ ಹುಡುಗ ಹುಡುಗೀರು ರೆಕಾರ್ಡರ್ ಹಿಡಿಯೋದು, ಕಂಪ್ಯೂಟರ್ ಮುಂದೆ ಕೂತು ಎಡಿಟ್ ಮಾಡೋದು ಕಲಿತ್ರು. ಗಾಳೀಲಿ ಬಿಡೋಕೆ ಲೈಸೆನ್ಸ್ ಇಲ್ವಲ್ಲ? ಮೊದ್ಲು ಸಂಘದ ಮೀಟಿಂಗಲ್ಲಿ ಕೇಳಿಸಿದ್ರು, ಲೌಡ್‌ಸ್ಪೀಕರಲ್ಲಿ ಹಾಕಿದ್ರು. ಆಮೇಲೆ ಟೀವಿ ಕೇಬಲ್ ತಂತೀಲೇ ಮನೆಮನೆಗೆ ದನಿ ಕಳಿಸಿದ್ರು. ಗಾಳಿ ಸರ್ಕಾರದ್ದಾದ್ರೆ ತಂತಿ ನಮ್ದು ಅನ್ನೋ ಥರ! ಇದನ್ನ ಓದಿ ನಾನು ಒಬ್ಬಳೇ ನಕ್ಕೆ. ಹೆಂಗಸರಿಗೆ ಮುಂಬಾಗಿಲು ಹಾಕಿದ್ರೆ ಹಿತ್ತಲ ಬಾಗಿಲು ಗೊತ್ತಿರುತ್ತೆ.

2002ರಲ್ಲಿ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಒಪ್ಪಿಗೆ ಕೊಡ್ತು. 2006ರ ನವೆಂಬರಲ್ಲಿ ಸೇವಾ ಸಂಸ್ಥೆಗಳಿಗೂ ಕೊಡ್ತು. ಬೀದರಿನ ಗಡಿಯಾಚೆ, ಆಗಿನ ಮೇದಕ್ ಜಿಲ್ಲೇಲಿ, ದಲಿತ ಹೆಂಗಸರೇ ನಡೆಸೋ ಸಂಗಂ ರೇಡಿಯೋ 2008ರ ಅಕ್ಟೋಬರಲ್ಲಿ ಶುರುವಾಯ್ತು. ಹೊಲದ ಕೆಲಸ ಮಾಡೋರು ಬೀಜದ ವಿಷಯ, ಹಾಡು, ಕತೆ ಎಲ್ಲಾ ತಮ್ಮ ಮಾತಲ್ಲೇ ಹೇಳಿದ್ರು.

ನಮ್ಮ ಬೆಂಗಳೂರಿಗೆ ಮೊದಲ ಸಮುದಾಯ ರೇಡಿಯೋ ಬಂದಿದ್ದು 2007ರಲ್ಲಿ. ಜೈನ್ ಸಂಸ್ಥೆಯವರ ರೇಡಿಯೋ ಆಕ್ಟಿವ್, 90.4. ಇಂಥ ರೇಡಿಯೋ ಸುಮಾರು 10–15 ಕಿಲೋಮೀಟರ್ ಕೇಳಿಸುತ್ತೆ ಅಷ್ಟೆ. ಅಲ್ಲಿ ಮನೆಕೆಲಸದೋರು, ಲಿಂಗತ್ವ ಅಲ್ಪಸಂಖ್ಯಾತರು, ಕಸ ಆಯೋರು ಮೈಕ್ ಮುಂದೆ ಕೂತು ತಮ್ಮ ಬದುಕು ತಾವೇ ಹೇಳ್ಕೊಂಡ್ರು. ಕಸ ಆಯೋರ ಕಾರ್ಯಕ್ರಮದ ಹೆಸರು “ಕಸ ಶ್ರಮಿಕ, ಪರಿಸರ ರಕ್ಷಕ”.

ನಾನು ಅಂಥ ಮಾತು ಮೊದಲು ಕೇಳಿದಾಗ ಸೊಪ್ಪು ಬಿಡಿಸ್ತಿದ್ದೆ. ನಮ್ಮನೆಗಳಿಂದ ಬರೋ ಕಸದಲ್ಲಿ ಗಾಜಿನ ಚೂರು ಇರುತ್ತೆ, ಸುತ್ತದೇ ಎಸೆದ ಪ್ಯಾಡ್ ಇರುತ್ತೆ, ನಾವು ಬರೀ ಕೈಯಲ್ಲಿ ಬೇರೆ ಮಾಡ್ಬೇಕು ಅಂತ ಒಬ್ಬಾಕೆ ಹೇಳ್ತಿದ್ರು. ಬೈಗುಳ ಇಲ್ಲ, ಅಳು ಇಲ್ಲ. ನಂಗೆ ಸೊಪ್ಪಿನ ಮೇಲೆ ಕೈ ಆಡಲಿಲ್ಲ. 2012ರ ಅಕ್ಟೋಬರಲ್ಲಿ ಪಾಲಿಕೆಯೋರು ಹಸಿ ಕಸ ಒಣ ಕಸ ಬೇರೆ ಮಾಡ್ಲೇಬೇಕು ಅಂತ ಕಡ್ಡಾಯ ಮಾಡಿದಾಗ “ಇದೊಂದು ಹೊಸ ತಲೆನೋವು” ಅಂತ ಗೊಣಗಿದ್ದೋಳು ನಾನು. ನೋಟೀಸಿಗೆ ಬದಲಾಗದೋಳು ಆ ದನಿಗೆ ಬದಲಾದೆ. ಈಗ ಗಾಜು ಒಡೆದ್ರೆ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕ್ತೀನಿ.

ಇದೇ ನಂಗೆ ಅರ್ಥವಾಗಿದ್ದು. ಬೇರೆಯವರು ಅವರ ಬಗ್ಗೆ ಹೇಳಿದ್ರೆ “ಪಾಪ” ಅಂತೀವಿ. ಅವರೇ ಹೇಳಿದ್ರೆ ನಮ್ಮ ತಪ್ಪು ನಮಗೆ ಕಾಣುತ್ತೆ.

ಈಗ ನಮ್ಮ ಕೈಯಲ್ಲೇ ಫೋನಿದೆ. ಲೈಸೆನ್ಸ್ ಬೇಡ, ಕೇಬಲ್ ಬೇಡ. ಆದ್ರೆ ನಾವು ಮಾಡೋದೇನು? ಯಾರೋ ಕಳಿಸಿದ ಗುಡ್ ಮಾರ್ನಿಂಗ್ ಹೂವನ್ನ ಮುಂದಕ್ಕೆ ತಳ್ತೀವಿ. ಅತ್ತೆ ಹೇಳೋ ಗೌರಿ ಹಬ್ಬದ ಹಾಡು, ಮೊದಲು ಇಲ್ಲಿ ಯಾವ ಕೆರೆ ಇತ್ತು, ನೀರು ಎಲ್ಲಿಂದ ತರ್ತಿದ್ರು ಅನ್ನೋದು, ಒಂದೂ ಫೋನಿಗೆ ಹೋಗಿಲ್ಲ.

ಅದಕ್ಕೆ ಕಳೆದ ವಾರದಿಂದ ನಾನು ಶುರುಮಾಡಿದ್ದೀನಿ. ಮೊದಲು ನಮ್ಮ ದೊಡ್ಡಮ್ಮ. ಕೇಳಿಯೇ ರೆಕಾರ್ಡ್ ಮಾಡ್ದೆ, ಕದ್ದಲ್ಲ. ಮೊದಲಿಗೆ ಅವರ ಹೆಸರು, ಊರು, ತಾರೀಕು ಅವರ ಬಾಯಲ್ಲೇ ಹೇಳಿಸ್ದೆ. “ಇದನ್ನ ಯಾರಿಗೆ ಕೇಳಿಸ್ಬಹುದು?” ಅಂತಾನೂ ಕೇಳ್ದೆ. ಎರಡು ಮಾತು ಮನೆಯೊಳಗೇ ಇರ್ಲಿ ಅಂದ್ರು, ಹಾಗೇ ಇಟ್ಟೆ. ಎರಡು ಕಡೆ ಕಾಪಿ ಮಾಡಿದ್ದೀನಿ, ಮತ್ತೆ ಯಾವ ಸಿನಿಮಾ ಹಾಡೂ ಮೇಲೆ ಬೀಳದ ಹಾಗೆ.

ಹಸೆ ಹಾಡಲ್ಲಿ ಮೂರು ನುಡಿ ಮಾತ್ರ ದೊಡ್ಡಮ್ಮಂಗೆ ನೆನಪಿದೆ. ಮಿಕ್ಕಿದ್ದು ಅಮ್ಮಂಗೆ ಬರ್ತಿತ್ತು ಅಂದ್ರು. ನಿಮ್ಮಲ್ಲಿ ಯಾರಿಗಾದ್ರೂ ಬರುತ್ತಾ? ಬಂದ್ರೆ ಹೇಳ್ರಮ್ಮ, ಫೋನ್ ತಗೊಂಡು ನಾನೇ ನಿಮ್ಮನೆಗೆ ಬರ್ತೀನಿ.