ಕೊಡಗಿನ ಕಿತ್ತಳೆ: ನಮ್ಮೂರ ಒಂದು ಬೆಳೆಯ ಚರಿತ್ರೆ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದರು. ಶಾಲೆಯ ಬಗ್ಗೆ ಬರೆಯಲು ನನಗಿಂತ ಬಲ್ಲವರು ಬಹಳ ಮಂದಿ ಇದ್ದಾರೆ. ಆದ್ದರಿಂದ ನಾನು ನಮ್ಮನ್ನು ಶಾಲೆಗೆ ಕಳಿಸಿದ ಬೆಳೆಯ ಬಗ್ಗೆ ಬರೆಯುತ್ತೇನೆ. 1978ರ ಜೂನ್ ತಿಂಗಳಲ್ಲಿ ನಾನು ಎಂಟನೆಯ ತರಗತಿಗೆ ಸೇರಿದಾಗ ನನ್ನ ಪುಸ್ತಕ, ಸಮವಸ್ತ್ರ, ಕೊಡೆ ಎಲ್ಲವೂ ಬಂದದ್ದು ಕಿತ್ತಳೆಯ ಹಣದಿಂದ. ನನ್ನ ಓರಗೆಯ ಹಲವರ ಕಥೆಯೂ ಅದೇ.

ಹೊರಗಿನವರು ಕೊಡಗನ್ನು ಕಾಫಿಯ ನಾಡು ಎನ್ನುತ್ತಾರೆ. ನಮ್ಮ ಬಾಲ್ಯದಲ್ಲಿ ಅದು ಅಷ್ಟೇ ಮಟ್ಟಿಗೆ ಕಿತ್ತಳೆಯ ನಾಡು. 1854ರಲ್ಲಿ ಫೌಲರ್ ಎಂಬ ಇಂಗ್ಲಿಷ್ ಪ್ಲಾಂಟರ್ ಮಡಿಕೇರಿಯ ಬಳಿ ಕಾಫಿ ತೋಟ ಮಾಡಿದ ಮೇಲೆ ಕಾಡುಗಳು ತೋಟಗಳಾದವು. ಆ ತೋಟಗಳ ನೆರಳಿನಲ್ಲಿ, ಹಾಲುವಾಣ ಮರಗಳ ನಡುವೆ, ಕಾಫಿ ಗಿಡಗಳ ಸಾಲಿನಲ್ಲೇ ಕಿತ್ತಳೆ ಬೆಳೆಯಿತು. ಬೇರೆ ಕಡೆಗಳಂತೆ ಅದಕ್ಕೆಂದೇ ಪ್ರತ್ಯೇಕ ತೋಟ ನಮ್ಮಲ್ಲಿ ಅಪರೂಪ. ಸಿದ್ದಾಪುರ, ಅಮ್ಮತ್ತಿ, ಪೊಲಿಬೆಟ್ಟ, ಗೋಣಿಕೊಪ್ಪಲು, ಸುಂಟಿಕೊಪ್ಪ, ಯಾವ ಕಡೆ ಹೋದರೂ ಕಾಫಿಯ ಮೇಲೆ ಕಿತ್ತಳೆ ಬಣ್ಣ ಕಾಣುತ್ತಿತ್ತು. ಬೆಳೆಗಾರರು ಗೋಣಿಕೊಪ್ಪಲಿನಲ್ಲಿ ತಮ್ಮದೇ ಸಹಕಾರ ಸಂಘವನ್ನೂ ಕಟ್ಟಿಕೊಂಡಿದ್ದರು.

ಬೆಳೆ ಬೇರೂರಲು ಕಾರಣ ರುಚಿಯೊಂದೇ ಅಲ್ಲ, ಲೆಕ್ಕವೂ ಹೌದು. ಆಗ ಬೆಳೆಗಾರ ಕಾಫಿಯನ್ನು ಸ್ವಂತವಾಗಿ ಮಾರುವಂತಿರಲಿಲ್ಲ. ಎಲ್ಲವನ್ನೂ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ಮನೆಯ ಮದುವೆಯಾಗಲಿ, ಕಾಯಿಲೆಯಾಗಲಿ ಕಂತಿಗೆ ಕಾಯುವುದಿಲ್ಲವಲ್ಲ! ಕಿತ್ತಳೆ ಹಾಗಲ್ಲ. ಗುತ್ತಿಗೆದಾರ ತೋಟಕ್ಕೆ ಬಂದು, ಮರದ ಮೇಲಿನ ಕಾಯಿ ನೋಡಿ, ಮುಂಗಡ ಎಣಿಸಿ ಹೋಗುತ್ತಿದ್ದ. ಕೀಳುವವರೂ ಅವನವರೇ, ಬುಟ್ಟಿ, ಲಾರಿಯೂ ಅವನವೇ. ನಮ್ಮ ಕಿತ್ತಳೆಗೆ ವರ್ಷಕ್ಕೆ ಎರಡು ಹಂಗಾಮು: ಚಳಿಗಾಲದಲ್ಲಿ ಶುರುವಾಗುವ ಮುಖ್ಯ ಬೆಳೆ ಒಂದು, ಮಳೆಗಾಲದ ಬೆಳೆ ಇನ್ನೊಂದು. ಮಳೆಗಾಲದ ಹಣ್ಣು ಸ್ವಲ್ಪ ಹುಳಿ, ಸಿಪ್ಪೆ ದಪ್ಪ. ಆದರೆ ಅದರ ಹಣ ಶಾಲೆ ತೆರೆಯುವ ವೇಳೆಗೆ ಕೈಗೆ ಬರುತ್ತಿತ್ತು. ಹುಳಿ ಹಣ್ಣಿನ ಬೆಲೆ ನಮ್ಮ ತಾಯಂದಿರಿಗೆ ಗೊತ್ತಿತ್ತು.

ಹಳಬರು ಸಸಿ ಮಾಡುತ್ತಿದ್ದುದು ಬೀಜದಿಂದ. ಕಿತ್ತಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಆದ್ದರಿಂದ ಒಳ್ಳೆಯ ಮರದ ಗುಣ ತಲೆಮಾರಿನಿಂದ ತಲೆಮಾರಿಗೆ ಉಳಿಯಿತು. ಫಲಕ್ಕೆ ಏಳೆಂಟು ವರ್ಷ ಕಾಯಬೇಕಿತ್ತು. ಕಾಯುವ ತಾಳ್ಮೆ ಆಗಿನವರಿಗೆ ಇತ್ತು.

1960ರ ದಶಕದಲ್ಲಿ ಕೊಡಗಿನಲ್ಲಿ ಕಿತ್ತಳೆ 20,000 ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಹಬ್ಬಿತ್ತು. ಇಂದು ಅದರ ಹತ್ತರಲ್ಲೊಂದು ಪಾಲು ಉಳಿದಿದ್ದರೆ ಹೆಚ್ಚು. ಹೀಗೇಕಾಯಿತು?

ಊರಿನಲ್ಲಿ ಕೇಳಿದರೆ ಕೆಲವರು ರೋಗ ಎನ್ನುತ್ತಾರೆ, ಕೆಲವರು ಕಾಫಿ ಬೆಲೆ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡೂ ನಿಜ, ಒಂದರ ಹಿಂದೆ ಒಂದು ಬಂದದ್ದೇ ನಿಜವಾದ ಪೆಟ್ಟು. ಮೊದಲು ಬಂದದ್ದು ರೋಗ. ತುದಿಯಿಂದ ಒಣಗುತ್ತಾ ಬರುವ ಮರಗಳನ್ನು ನಮ್ಮವರು ಬಹಳ ಹಿಂದಿನಿಂದ ಕಂಡಿದ್ದರು. ಅದರ ಹಿಂದೆ ಒಂದಲ್ಲ, ಹಲವು ಶತ್ರುಗಳಿದ್ದವು: ಬೇರು ಕೊಳೆಸುವ ಶಿಲೀಂಧ್ರ, ಹೇನುಗಳು ಹರಡುವ ಟ್ರಿಸ್ಟೆಜಾ ವೈರಸ್, ಎಲ್ಲಕ್ಕಿಂತ ಕೆಟ್ಟದ್ದಾದ ಗ್ರೀನಿಂಗ್ ರೋಗ. ಈ ಗ್ರೀನಿಂಗ್ ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಚಿಗುರಿನ ರಸ ಹೀರುವ ಸಿಲ್ಲಿಡ್ ಎಂಬ ಪುಟ್ಟ ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಮೊದಲು ಒಂದೇ ಕೊಂಬೆ ಹಳದಿಯಾಗುತ್ತದೆ. ಆಮೇಲೆ ಕಾಯಿ ಸಣ್ಣದಾಗಿ, ಸೊಟ್ಟಗಾಗಿ, ಕೆಳಭಾಗ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ. ರೋಗ ಹಿಡಿದ ಮರವನ್ನು ವಾಸಿ ಮಾಡುವ ಮದ್ದು ಇಂದಿಗೂ ಇಲ್ಲ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು, ಗೋಣಿಕೊಪ್ಪಲಿನ ಸಂಶೋಧಕರು ಹೇಳುತ್ತಾ ಬಂದದ್ದು ಸರಳ: ರೋಗದ ಮರ ತೆಗೆಯಿರಿ, ಕೀಟ ಹತೋಟಿಯಲ್ಲಿಡಿ, ರೋಗವಿಲ್ಲದ ಕಸಿ ಗಿಡ ನೆಡಿ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ತಂದೆ ತೀರಿಕೊಂಡ ಮೇಲೆ ತೋಟದ ನಿರ್ಧಾರ ನನ್ನ ಕೈಗೆ ಬಂತು. ನಮ್ಮಲ್ಲಿ ಸುಮಾರು ನಲವತ್ತು ಕಿತ್ತಳೆ ಮರಗಳಿದ್ದವು. ತೋಡಿನ ಬದಿಯ ನಾಲ್ಕು ಮರಗಳಲ್ಲಿ ಹಳದಿ ಕೊಂಬೆ ಕಾಣಿಸಿತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಒಮ್ಮೆ ಮನೆಗೆ ಬಂದವರು ಎಲೆ ನೋಡಿ, "ಇವನ್ನು ಕಡಿದು ಸುಟ್ಟುಬಿಡು, ಇಲ್ಲದಿದ್ದರೆ ಪಕ್ಕದವರಿಗೂ ಹೋಗುತ್ತದೆ" ಎಂದರು. ಆ ನಾಲ್ಕು ಮರಗಳಲ್ಲಿ ಇನ್ನೂ ಕಾಯಿ ಇತ್ತು. ಗುತ್ತಿಗೆಯ ಮುಂಗಡ ಆಗಲೇ ಖರ್ಚಾಗಿತ್ತು. ಈ ಹಂಗಾಮು ಮುಗಿಯಲಿ ಎಂದೆ. ಮುಂದಿನ ವರ್ಷವೂ ಹಾಗೇ ಎಂದೆ. ಮೂರನೆಯ ವರ್ಷ ಬೇಲಿಯಾಚೆಯ ತೋಟದಲ್ಲಿ ಹಳದಿ ಕೊಂಬೆ ಕಂಡಿತು. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಆಮೇಲೆ ಒಂದು ನರ್ಸರಿಯಿಂದ ತಂದು ನೆಟ್ಟ ಸಸಿಗಳೂ ಫಲ ಕಾಣುವ ಮೊದಲೇ ಸೊರಗಿದವು. ಆ ಸಸಿಗಳ ತಾಯಿಮರ ಯಾವುದೆಂದು ನಾನೂ ವಿಚಾರಿಸಿರಲಿಲ್ಲ.

ಎರಡನೆಯ ಪೆಟ್ಟು ಒಳ್ಳೆಯ ಸುದ್ದಿಯ ರೂಪದಲ್ಲಿ ಬಂತು. 1992ರಿಂದ ಹಂತ ಹಂತವಾಗಿ ಕಾಫಿ ಮಾರುಕಟ್ಟೆ ಮುಕ್ತವಾಗಿ, 1996ರ ಹೊತ್ತಿಗೆ ಪೂಲ್ ಪದ್ಧತಿಯೇ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋದಾಗ ಜಗತ್ತಿನಲ್ಲೆಲ್ಲ ಬೆಲೆ ಏರಿತು. ನಮ್ಮಲ್ಲಿ ಹೊಸ ಮನೆ, ಹೊಸ ಜೀಪುಗಳು ಬಂದವು. ಕಾಫಿಯ ಹಣ ಒಟ್ಟಿಗೇ ಕೈಗೆ ಬರುವಾಗ ಕಿತ್ತಳೆಯ ಮುಂಗಡ ಯಾರಿಗೆ ಬೇಕು? ಸತ್ತ ಕಿತ್ತಳೆಯ ಜಾಗದಲ್ಲಿ ರೊಬಸ್ಟಾ ಬಂತು, ನೆರಳಿನ ಮರಗಳಿಗೆ ಕರಿಮೆಣಸು ಹಬ್ಬಿತು. ರೋಗ ಮರವನ್ನು ಕೊಂದಿತು, ಬೆಲೆ ಮರು ನೆಡುವ ಆಸೆಯನ್ನು ಕೊಂದಿತು. ನಾನೂ ಮರು ನೆಡಲಿಲ್ಲ. ಬೆಂಗಳೂರಿಗೆ ಬಂದೆ.

ನಮ್ಮವರು ಮಾತ್ರ ಸೋತರೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇದೇ ಗ್ರೀನಿಂಗ್ ರೋಗ 2005ರಲ್ಲಿ ಕಾಣಿಸಿಕೊಂಡಿತು. ಹಣ, ಯಂತ್ರ, ವಿಶ್ವವಿದ್ಯಾಲಯ ಎಲ್ಲವೂ ಇದ್ದ ಆ ನಾಡಿನಲ್ಲೂ ಎರಡು ದಶಕಗಳಲ್ಲಿ ಕಿತ್ತಳೆ ಇಳುವರಿ ಹತ್ತರಲ್ಲೊಂದು ಪಾಲಿಗಿಂತ ಕೆಳಗೆ ಕುಸಿಯಿತು. ಒಬ್ಬನ ತೋಟದ ಕೀಟಕ್ಕೆ ಬೇಲಿ ಗೊತ್ತಿಲ್ಲ. ನೆರೆಹೊರೆಯವರೆಲ್ಲ ಒಟ್ಟಾಗದೆ ಈ ರೋಗವನ್ನು ತಡೆಯಲಾಗದು ಎಂಬುದೇ ಅಲ್ಲಿಂದಲೂ ಬಂದ ಪಾಠ. ನಮ್ಮ ಮೇಷ್ಟ್ರು ಹೇಳಿದ್ದೂ ಅದನ್ನೇ.

ಈಗ ನಾನಿರುವುದು ಅನ್ನಪೂರ್ಣೇಶ್ವರಿ ನಗರದಲ್ಲಿ, ನಾಗರಬಾವಿಯ ಪಕ್ಕ. ಇಲ್ಲಿನ ಹಳಬರು ತಮ್ಮ ಹೊಲಗದ್ದೆ ಇದ್ದ ಜಾಗವನ್ನು ಅಡ್ಡರಸ್ತೆಯ ಸಂಖ್ಯೆ ಹೇಳಿ ತೋರಿಸುತ್ತಾರೆ. ಹಣ್ಣಿನ ಗಾಡಿಯಲ್ಲಿ ನಾಗಪುರದ ಕಿತ್ತಳೆ, ಪಂಜಾಬಿನ ಕಿನ್ನೋ ಸಿಗುತ್ತವೆ. ಅಪರೂಪಕ್ಕೊಮ್ಮೆ "ಕೂರ್ಗ್ ಕಿತ್ತಳೆ ಸಾರ್" ಎಂದು ಗಾಡಿಯವನು ಕೂಗಿದರೆ ನಾನು ಹಣ್ಣನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ. 2005-06ರಲ್ಲಿ ನಮ್ಮ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ನೋಂದಾಯಿತ ಪ್ರದೇಶದ್ದಲ್ಲದ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರಿಗೆ ರಕ್ಷಣೆ ಸಿಕ್ಕಿತು. ಮರಕ್ಕೆ ಸಿಗಬೇಕಾದ ರಕ್ಷಣೆ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಅಧ್ಯಾಪಕರಲ್ಲಿ, ಊರಿನವರಲ್ಲಿ ನನ್ನದೊಂದು ಅರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಅಂಗಳದಲ್ಲಿ ಹತ್ತು ಕಿತ್ತಳೆ ಗಿಡ ನೆಡೋಣ. ಅವು ಚೆಟ್ಟಳ್ಳಿಯ ಕೇಂದ್ರದಲ್ಲಿ ಕೇಳಿ ತಂದ, ರೋಗವಿಲ್ಲದ ಕಸಿ ಗಿಡಗಳಾಗಿರಲಿ. ಪ್ರತಿ ಚಿಗುರು ಬಂದಾಗ ಎಂಟನೆಯ ತರಗತಿಯ ಮಕ್ಕಳು ಎಲೆ ನೋಡಿ ಪುಸ್ತಕದಲ್ಲಿ ಬರೆದಿಡಲಿ. ಹಳದಿ ಕೊಂಬೆ ಕಂಡರೆ ಕಾಯಿ ಇದ್ದರೂ ಸರಿ, ಮರ ತೆಗೆಯಲಿ, ಬೇಲಿಯಾಚೆಯವರಿಗೆ ಹೋಗಿ ಹೇಳಲಿ. ಗಿಡಗಳ ಖರ್ಚು ನನಗಿರಲಿ. ನಾಲ್ಕು ಮರಗಳ ಸಾಲ ನನ್ನ ಮೇಲೆ ಇನ್ನೂ ಇದೆ.

ನಮ್ಮ ಶಾಲೆ ನೂರು ತುಂಬಿಸಲಿ. ಆಗಿನ ಸಂಚಿಕೆಯಲ್ಲಿ ಈ ಬೆಳೆಯ ಚರಿತ್ರೆಯ ಮುಂದಿನ ಭಾಗವನ್ನು ಇಂದು ಆ ತರಗತಿಗಳಲ್ಲಿ ಕುಳಿತಿರುವ ಯಾರಾದರೂ ಬರೆಯಲಿ.

— ಹಳೆಯ ವಿದ್ಯಾರ್ಥಿ, ಅನ್ನಪೂರ್ಣೇಶ್ವರಿ ನಗರ, ಬೆಂಗಳೂರು